ದೊಡ್ಡಗುಡ್ಡದ ಎತ್ತರ

ಗುಡ್ಡ ಏರುವ ಮೊದಲೇ ಬುತ್ತಿ ಬಿಚ್ಚುವುದು ನನ್ನ ಜೊತೆಗಾರ ದಸ್ತಗೀರಣ್ಣನ ಪದ್ಧತಿ. ಬುಡದಲ್ಲಿದ್ದ ಬೇವಿನ ನೆರಳಿಗೆ ಕುಳಿತು ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿಗೆ ಮೊಸರು ಕಲಸುತ್ತ, "ಹೊತಗೊಂಡು ಏರೋದ್ಯಾಕ ತಮ್ಮಾ, ಇಲ್ಲೇ ಉಂಡು ಬಿಡೋಣು" ಅನ್ನುತ್ತಿದ್ದ. ಬೆಳಗಿನ ಎಂಟಕ್ಕೇ ಮಧ್ಯಾಹ್ನದ ಊಟ ಮುಗಿದುಹೋಗುತ್ತಿತ್ತು. ಸಂಜೆಯ ಹಸಿವಿಗೆ ಏನು ಮಾಡಬೇಕೆಂಬುದನ್ನು ಅವನು ಎಂದೂ ಯೋಚಿಸಲಿಲ್ಲ.

ನಾವಿಬ್ಬರೂ ಭೂಮಾಪನದ ಕೆಲಸದವರು. ನಾನು ರೋಣದವನು. ಕಣ್ಣು ಹಾಯುವವರೆಗೂ ಸಪಾಟಾಗಿ ಹಾಸಿಕೊಂಡ ಎರೆಹೊಲಗಳ ನಡುವೆ ಬೆಳೆದ ನನಗೆ ಹುಣಸೆಮರವೇ ದೊಡ್ಡ ಎತ್ತರ. ಅವನು ನರಗುಂದದವನು. ಹುಟ್ಟಿದಂದಿನಿಂದ ಗುಡ್ಡದ ನೆರಳು ಮೈಮೇಲೆ ಬಿದ್ದವನು. ಗಜೇಂದ್ರಗಡದ ಸುತ್ತಲಿನ ಗುಡ್ಡಗಳನ್ನು ಮತ್ತೊಮ್ಮೆ ಅಳೆಯಬೇಕೆಂಬ ಹುಕುಂ ಬಂದಾಗ ನನಗಿಂತ ಹೆಚ್ಚು ಹಿಗ್ಗಿದವನು ಅವನೇ. ಹಳೆಯ ನಕಾಶೆಯ ಅಂಕಿಗಳೆಲ್ಲ ದೂರದಿಂದ ದುರ್ಬೀನು ಹಿಡಿದು ನೋಡಿ ಬರೆದವು. ಈಗ ಉಪಗ್ರಹದ ಕಾಲ. ತುದಿಯ ಮೇಲೊಂದು, ಬುಡದಲ್ಲೊಂದು ಯಂತ್ರವಿಟ್ಟು, ಎರಡೂ ಒಟ್ಟಿಗೆ ಗೊತ್ತುಮಾಡಿದಷ್ಟು ಹೊತ್ತು ಆಕಾಶವನ್ನು ಕೇಳಿಸಿಕೊಂಡರೆ ಎತ್ತರ ತಾನಾಗಿ ಸಿಗುತ್ತದೆ. ಸುತ್ತಲಿನ ನೆಲಕ್ಕಿಂತ ಇಂತಿಷ್ಟು ಮೇಲಿದ್ದರೆ ಗುಡ್ಡ, ಕಡಿಮೆಯಾದರೆ ದಿನ್ನೆ ಎಂದು ನಕಾಶೆಯಲ್ಲಿ ತಿದ್ದಬೇಕು.

ಓದುಗ ಮಿತ್ರರೇ, ಎತ್ತರವೆಂಬುದು ವಿಚಿತ್ರವಾದ ಮಾತು. ಸಮುದ್ರದ ಗಾಳಿಯೂ ತಾಗದ ಈ ಬಯಲಿನ ಕಲ್ಲುಗುಡ್ಡವನ್ನು ನಾವು ಸಮುದ್ರದಿಂದ ಅಳೆಯುತ್ತೇವೆ. ಊರಿನ ಜನ ಮಾತ್ರ ತಮ್ಮ ಮೊಣಕಾಲಿನಿಂದ ಅಳೆಯುತ್ತಾರೆ. ಅವರು ದೊಡ್ಡಗುಡ್ಡ ಎಂದು ಕರೆಯುತ್ತಿದ್ದ ಗುಡ್ಡವೇ ಆ ಸಾಲಿನಲ್ಲಿ ನಮ್ಮ ಕೊನೆಯ ಕೆಲಸವಾಗಿತ್ತು. ಹಳೆಯ ನಕಾಶೆಯ ಪ್ರಕಾರ ಸುತ್ತಮುತ್ತ ಅದಕ್ಕಿಂತ ಎತ್ತರದ್ದಿರಲಿಲ್ಲ. "ಸುತ್ತಲ ಎಲ್ಲಾಕ್ಕಿಂತ ದೊಡ್ಡ ಗುಡ್ಡ ಅಳೀತೀನಿ ಅಂತ ಮನ್ಯಾಗ ಹೇಳಿ ಬಂದೇನಿ" ಎಂದು ನಕ್ಕು, ಯಂತ್ರ ಹೊತ್ತು ಅವನು ಏರಿದ. ನಾನು ಬುಡದ ಯಂತ್ರದ ಬಳಿ ಉಳಿದೆ.

ಮುಂಗಾರಿಗೆ ಮುಂಚಿನ ದಿನಗಳವು. ಮಧ್ಯಾಹ್ನ ಇಳಿಯುತ್ತಿದ್ದಂತೆ ಪಡುವಣದಲ್ಲಿ ಕಪ್ಪು ಕಟ್ಟಿತು. ಗಾಳಿ ನಿಂತಿತು. ದೂರದ ಸಾಲಿನಲ್ಲಿ ಈಚೆಗಷ್ಟೇ ನೆಟ್ಟಿದ್ದ ಗಾಳಿಯಂತ್ರಗಳ ರೆಕ್ಕೆಗಳೂ ನಿಂತವು. ನಾನು ಮೊಬೈಲ್ ಹಚ್ಚಿದೆ.

"ಇಳದ ಬಾ ಅಣ್ಣಾ, ಮಳಿ ಬರಾಕತ್ತೈತಿ."

"ಇನ್ನೊಂದೀಟ ತಡಿ. ಈಗ ಬಿಟ್ರ ನಾಳಿ ಮತ್ತ ಮೊದಲಿಂದ ಕುಂಡ್ರಬೇಕು."

"ನಾಳಿ ಕುಂತರಾತು. ಲಗೂ ಇಳಿ."

"ಇಳೀತೀನಿ, ಇಳೀತೀನಿ," ಎಂದ. ಆ ದನಿಯಲ್ಲಿ ಇಳಿಯುವ ಇರಾದೆ ಇರಲಿಲ್ಲ.

ಮಳೆಗಿಂತ ಮೊದಲು ಸಿಡಿಲು ಬಂತು. ಬಿಳಿಯ ಬೆಳಕಿಗೆ ಕಣ್ಣು ಕತ್ತಲೆ ಕಟ್ಟಿತು, ನೆಲ ಅದುರಿತು. ಮತ್ತೆ ಫೋನು ಹಚ್ಚಿದರೆ ಹತ್ತಲಿಲ್ಲ. ಏರತೊಡಗಿದೆ. ಅರ್ಧದಲ್ಲಿ, ತುದಿಯ ಬಳಿ ಬಂಡೆಯ ಮರೆಗೆ ಕುರಿ ನಿಲ್ಲಿಸಿಕೊಂಡಿದ್ದ ಯಲ್ಲವ್ವ ಎಂಬ ಕುರಿಗಾರ ಹೆಂಗಸು ಎದುರಾಗಿ ಓಡಿಬಂದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಯಪ್ಪಾ, ನಿಮ್ಮ ಸಾಹೇಬ್ರು ಎಬ್ಬಿಸಿದ್ರ ಏಳವಲ್ರು."

ಯಂತ್ರದ ಮೂರು ಕಾಲಿನಿಂದ ಒಂದು ಮಾರು ದೂರದಲ್ಲಿ ಅವನು ಅಂಗಾತ ಬಿದ್ದಿದ್ದ. ಮಳೆ ಅವನ ತೆರೆದ ಕಣ್ಣುಗಳ ಮೇಲೆ ಬೀಳುತ್ತಿತ್ತು. ಎದೆ ಒತ್ತಿದೆ, ಉಸಿರು ಊದಿದೆ, ಹೆಸರು ಹಿಡಿದು ಕೂಗಿದೆ. ಯಲ್ಲವ್ವ ತನ್ನ ಕಂಬಳಿ ಹಾಸಿದಳು. ಅವಳ ಮನೆಯವರೂ ಬಂದು ಕೈಹಚ್ಚಿದರು. ಅದರಲ್ಲೇ ಅವನನ್ನು ಇಳಿಸಿದೆವು. ದವಾಖಾನೆಯಲ್ಲಿ ಡಾಕ್ಟರು ನಾಡಿ ನೋಡಿ ಕೈ ಬಿಟ್ಟರು.

ಮುಂದಿನದು ಇನ್ನೂ ಕಠಿಣ. ಗೊತ್ತುಮಾಡಿದ ಹೊತ್ತು ತುಂಬುವ ಮೊದಲೇ ಯಂತ್ರ ನಿಂತಿದ್ದರಿಂದ ಆ ಅಳತೆ ನಡೆಯುವುದಿಲ್ಲವೆಂದು ಮೇಲಿನವರು ತಿಳಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಳತೆಯ ಧರ್ಮವೇ ಅಂಥದು, ಯಾರು ಸತ್ತರೆಂದು ಅದು ಕೇಳುವುದಿಲ್ಲ. ಬುಡದ ಯಂತ್ರದ ಬಳಿ ಇನ್ನೊಬ್ಬನನ್ನು ಕೂರಿಸಿ ನಾನೇ ಮತ್ತೆ ಏರಿದೆ. ಬುಡದಲ್ಲಿ ಉಣ್ಣಲಾಗಲಿಲ್ಲ. ತುದಿಯಲ್ಲಿ ಕಲ್ಲು ಚಕ್ಕೆಯೆದ್ದಿತ್ತು. ಅದರ ಪಕ್ಕದಲ್ಲೇ ಯಂತ್ರವಿಟ್ಟು, ನಿರಭ್ರವಾದ ಆಕಾಶದ ಕೆಳಗೆ ಇಡೀ ದಿನ ಕುಳಿತೆ. ಬಂದ ಅಂಕಿ, ಅವನು ಅಳೆದಷ್ಟರಲ್ಲೇ ಸಿಕ್ಕಿದ್ದ ಅಂಕಿಗಿಂತ ಬೆರಳಗಲವೂ ಆಚೀಚೆಯಾಗಿರಲಿಲ್ಲ. ಹಳೆಯ ನಕಾಶೆಯ ಅಂಕಿಗಿಂತ ಮಾತ್ರ ಬಹಳ ಕಡಿಮೆ. ದೊಡ್ಡಗುಡ್ಡ ದೊಡ್ಡದಾಗಿರಲಿಲ್ಲ, ಗುಡ್ಡವೂ ಆಗಿರಲಿಲ್ಲ. ನಕಾಶೆಯಲ್ಲಿ ಅದು ದಿನ್ನೆಯಾಯಿತು.

ಅವನ ಫಾತೇಹಾ ಪ್ರಾರ್ಥನೆ ಕಳೆದ ಮೇಲೊಂದು ಸಂಜೆ ನರಗುಂದಕ್ಕೆ ಹೋದೆ. ಅವನ ಹೆಂಡತಿ ಮಾಬೂಬಿಯನ್ನು ನಾನು ವೈನಿ ಎಂದೇ ಕರೆಯುತ್ತಿದ್ದೆ. ಚಾಪೆ ಹಾಸಿ, ನೀರು ಕೊಟ್ಟು, ಗೋಡೆಗೆ ಒರಗಿ ಕುಳಿತರು. ಓಣಿಯವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತಂತೆ: ಸುತ್ತಲ ಎಲ್ಲಕ್ಕಿಂತ ದೊಡ್ಡ ಗುಡ್ಡ ಅಳೆಯುವಾಗ ಹೋದರು. ಅದೊಂದರಿಂದಲೇ ಅವರು ಬಂದವರ ಮುಂದೆ ತಲೆಯೆತ್ತಿ ಕೂರುತ್ತಿದ್ದರೆಂದು ನನಗೆ ಕಂಡಿತು.

"ಎಷ್ಟ ಬಂತು ತಮ್ಮಾ, ಆ ಗುಡ್ಡ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಆ ಅಂಕಿಗಾಗಿ ಕುಳಿತವನ ಮನೆಯಲ್ಲಿ ಅಂಕಿಯನ್ನು ತಪ್ಪು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಹೇಳಿದೆ.

ಅವರು ನನ್ನ ಮುಂದಿದ್ದ ನೀರಿನ ಚೊಂಬನ್ನು ಬದಿಗೆ ಸರಿಸಿದರು. ಆಮೇಲೆ ಕೇಳಿದರು: "ಖರೇ ಹೇಳು. ಸಣ್ಣ ದಿನ್ನಿಗೆ ಸಿಡ್ಲು ಹೊಡೀತೈತೇನು?"

ಸಿಡಿಲು ಸಮುದ್ರದಿಂದ ಅಳೆಯುವುದಿಲ್ಲ, ತನ್ನ ಕೆಳಗೆ ಆ ಗಳಿಗೆ ಯಾವುದು ಮೇಲಿದೆಯೋ ಅದನ್ನಷ್ಟೇ ನೋಡುತ್ತದೆ ಎಂಬುದು ನನಗೆ ಗೊತ್ತಿತ್ತು. ಮರವಿಲ್ಲದ ಆ ನೆತ್ತಿಯ ಮೇಲೆ ಅಂದು ಯಂತ್ರ ಅವನ ಎದೆಮಟ್ಟಕ್ಕಿತ್ತು.

"ವೈನಿ, ಅವತ್ತ ಅಲ್ಲಿ ಎಲ್ಲಾಕ್ಕಿಂತ ಎತ್ತರ ಇದ್ದಾಂವ ಅಣ್ಣನೇ," ಎಂದೆ.

ಸಮಾಧಾನ ಹೇಳಿದೆನೋ, ಸಾವಿನ ಕಾರಣ ಹೇಳಿದೆನೋ ನನಗೇ ತಿಳಿಯಲಿಲ್ಲ. ಮಾಬೂಬಿ ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನೋಡಿದರು.

"ಅವರ ಎತ್ತರ ನಂಗೊತ್ತಿಲ್ಲೇನು? ನಾ ಈ ಮನಿಗೆ ಬಂದಾಗಿಂದ ಒಂದ ದಿನಾ ತಲಿ ಬಗ್ಗಿಸದೇ ಒಳಗ ಬಂದವರಲ್ಲ."

ಬರ್ತೀನಿ ವೈನಿ ಎಂದು ಎದ್ದೆ. ಆ ಬಾಗಿಲು ನನಗಿಂತ ಗೇಣು ಎತ್ತರವಿತ್ತು. ಆದರೂ ತಲೆ ಬಗ್ಗಿಸಿಯೇ ಹೊರಗೆ ಬಂದೆ.