ಗೆರೆ ಸರಿಸಿದೆ

ಮಸ್ಕತ್ತಿಗೆ ಬಂದ ಮೊದಲ ವರ್ಷದಿಂದಲೂ ನನ್ನದು ಒಂದೇ ದೂರು. ಇಲ್ಲಿ ಮೀನು ಮಾರುವವನಿಗೆ ಲೈಸೆನ್ಸ್ ಬೇಕು, ಚಹಾದಂಗಡಿಗೆ ಬೇಕು, ಟ್ಯಾಕ್ಸಿಗೆ ಬೇಕು. ಜನ ಎಲ್ಲಿ ಮನೆ ಕಟ್ಟಬೇಕು, ರಸ್ತೆ ಎಲ್ಲಿ ಹಾದು ಹೋಗಬೇಕು ಎಂದು ನಕ್ಷೆ ಬರೆಯುವ ನಮಗೆ ಮಾತ್ರ ಏನೂ ಬೇಡ. ಇಂಜಿನಿಯರುಗಳಿಗೆ ನೋಂದಣಿ ಇತ್ತು. ನಗರ ಯೋಜಕರಾದ ನಾವು ಕಂಪನಿಯ ಮುದ್ರೆಯ ಹಿಂದೆ ಇರುವವರು. ನಕ್ಷೆಯ ಮೂಲೆಯಲ್ಲಿ ಎರಡಕ್ಷರದ ಇನಿಷಿಯಲ್, ಅಷ್ಟೇ. ಮೈಸೂರಿನಲ್ಲಿ ಓದಿ ಪಡೆದ ಪದವಿಗೆ ಇದು ಅವಮಾನ ಎಂದು ಊಟದ ಹೊತ್ತಿನಲ್ಲಿ ಭಾಷಣ ಮಾಡುತ್ತಿದ್ದೆ. ಹಾಗೆಂದು ನನ್ನ ನೆನಪು. ಹೆಂಡತಿಯ ಪ್ರಕಾರ ಅದು ಭಾಷಣವಲ್ಲ, ಗೊಣಗಾಟ.

ಕೊನೆಗೆ ನಿಯಮ ಬಂತು. ಇನ್ನು ಮುಂದೆ ಯೋಜಕರಿಗೂ ವೃತ್ತಿ ಪ್ರಮಾಣಪತ್ರ ಬೇಕು; ಅದಿಲ್ಲದೆ ವೀಸಾ ನವೀಕರಣವಾಗುವುದಿಲ್ಲ. ನನ್ನ ವೀಸಾ ಮುಗಿಯಲು ಎರಡು ತಿಂಗಳಿತ್ತು. ಅಲ್ ಗುಬ್ರಾದ ಶಾಲೆಯಲ್ಲಿ ಹನ್ನೆರಡನೇ ತರಗತಿ ಓದುತ್ತಿದ್ದ ಮಗಳ ಬೋರ್ಡ್ ಪರೀಕ್ಷೆಗೆ ನಾಲ್ಕು ತಿಂಗಳು. ಮನೆಯಲ್ಲಿ ಯಾರೂ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ.

ಅರ್ಜಿಯಲ್ಲಿ ಮೂರು ಕೆಲಸಗಳನ್ನು ತೋರಿಸಬೇಕಿತ್ತು. ಪ್ರತಿಯೊಂದರ ಮುಂದೆ, ಇದರ ಜವಾಬ್ದಾರಿ ನನ್ನದೇ ಎಂದು ಬರೆಯಬೇಕು. ಕೊನೆಯಲ್ಲಿ ಒಂದು ಘೋಷಣೆ: ನನಗೆ ತಿಳಿದಂತೆ ಈ ಕೆಲಸಗಳಿಂದ ಯಾರ ಪ್ರಾಣಕ್ಕೂ ಆಸ್ತಿಗೂ ಹಾನಿಯಾಗಿಲ್ಲ. ಅದರ ಪಕ್ಕದ ಚೌಕದಲ್ಲಿ ಟಿಕ್ ಹಾಕಬೇಕು. ಎರಡು ಕೆಲಸಗಳು ಸುಲಭವಾಗಿ ಸಿಕ್ಕವು. ಮೂರನೆಯದು ವಸತಿ ಬಡಾವಣೆಯೇ ಆಗಿರಬೇಕಿತ್ತು. ನನ್ನ ಇನಿಷಿಯಲ್ ಇದ್ದ ಬಡಾವಣೆಯ ನಕ್ಷೆ ಆಫೀಸಿನಲ್ಲಿ ಒಂದೇ ಒಂದು ಉಳಿದಿತ್ತು.

ಅದು ಒಳನಾಡಿನ ಒಂದು ಸಣ್ಣ ಊರಿನದು. ಪಕ್ಕದಲ್ಲಿ ವಾದಿ. ವಾದಿ ಎಂದರೆ ಇಲ್ಲಿ ಒಣ ಹೊಳೆ. ವರ್ಷವೆಲ್ಲ ಕಲ್ಲು ಮರಳು, ಮಳೆ ಬಂದ ದಿನ ಮಾತ್ರ ನೀರು. ಆ ನೀರು ಎಲ್ಲಿಯವರೆಗೆ ಬರಬಹುದು ಎಂದು ನಕ್ಷೆಯಲ್ಲಿ ಒಂದು ಗೆರೆ ಎಳೆದಿರುತ್ತೇವೆ. ಗೆರೆಯ ಆಚೆ ಮನೆಯಿಲ್ಲ. ಈ ಬಡಾವಣೆಗೆ ನಾವು ಎರಡು ಸಲ ನಕ್ಷೆ ಬರೆದಿದ್ದೆವು. ಮೊದಲ ನಕ್ಷೆಯಲ್ಲಿ ಇಲ್ಲದ ಮನೆಗಳ ಸಾಲೊಂದು, ಈಗ ಉಳಿದಿದ್ದ ಎರಡನೆಯದರಲ್ಲಿ ಇತ್ತು. ಅದಕ್ಕೆ ಜಾಗವಾಗುವಂತೆ ಗೆರೆ ವಾದಿಯ ಕಡೆಗೆ ಸರಿದಿತ್ತು.

ಕೆಲವು ವರ್ಷಗಳ ನಂತರ ದೊಡ್ಡ ಮಳೆ ಬಂದು ನೀರು ಆ ಸಾಲಿಗೇ ನುಗ್ಗಿತು. ಮೂಲೆಮನೆಯಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಮುದುಕಿಯೊಬ್ಬಳು ತೀರಿಕೊಂಡಳು. ವಾರದ ನಂತರ ನಾನೂ, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ನರೂ ಅಲ್ಲಿಗೆ ಹೋಗಿದ್ದೆವು. ಗೋಡೆಯ ಮೇಲಿನ ಕೆಸರಿನ ಗುರುತು ನನ್ನ ಎದೆಯ ಮಟ್ಟಕ್ಕಿತ್ತು. ಭುಜದ ಮಟ್ಟಕ್ಕೆ ಎಂದು ಹಿಂದೊಮ್ಮೆ ಹೇಳಿದ್ದೆನಂತೆ. ಯಾವುದು ಸರಿಯೋ ಈಗ ಗೊತ್ತಿಲ್ಲ. ಮುದುಕಿಯ ಮಗ ನಮಗೆ ಖರ್ಜೂರ, ಕಹ್ವಾ ಕಾಫಿ ಕೊಟ್ಟ. ನೀವು ಯಾರು ಎಂದು ಕೇಳಲಿಲ್ಲ. ನಾವೂ ಹೇಳಲಿಲ್ಲ.

ಇಷ್ಟು ವರ್ಷ ನಾನು ನಂಬಿಕೊಂಡಿದ್ದು ಇದು: ಹಿಂದಿನ ಯಾವುದೋ ಮಳೆಗೆ ವಾದಿಯೇ ದಿಕ್ಕು ಬದಲಿಸಿತ್ತು, ಸರ್ವೆಯವರು ಹಾಗೆಂದು ಹೇಳಿದ್ದರು, ನಾವು ಅದರಂತೆ ಗೆರೆ ತಿದ್ದಿದೆವು. ಅರ್ಜಿ ಕೈಗೆ ಬಂದ ದಿನ ಚಹಾದ ಹೊತ್ತಿಗೆ ಡ್ರಾಫ್ಟ್ಸ್‌ಮನ್ನರನ್ನು ಕೇಳಿದೆ. ಅವರು ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ನನಗಿಂತ ಹತ್ತು ವರ್ಷ ದೊಡ್ಡವರು.

"ಆ ಗೆರೆ ಸರಿಸಿದ್ದು ಯಾರು ಅಂತ ನೆನಪಿದೆಯಾ?"

"ಎಂತ ಮಾರಾಯ್ರೆ, ಈಗ ಆ ಪುರಾಣ? ನಾನು ಮೌಸ್ ಹಿಡಿದವ. ಮೌಸಿಗೆ ಲೈಸೆನ್ಸ್ ಕೇಳುದಿಲ್ಲ."

"ತಮಾಷೆ ಬೇಡ. ವಾದಿ ದಿಕ್ಕು ಬದಲಾಯಿಸಿತ್ತು ಅಲ್ವಾ? ಸರ್ವೆಯವ್ರು ಹೇಳಿದ್ರು."

"ಹೇಳಿದ್ರಾ? ನೀವು ಹೇಳ್ತೀರಿ ಅಂದ್ರೆ ಹೇಳಿರ್ಬೇಕು." ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. "ನಮ್ಮೂರಲ್ಲಿ ವಾದಿ ಅಂದ್ರೆ ಕೋರ್ಟಿಗೆ ಹೋಗುವವ. ಈ ವಾದಿ ಕೋರ್ಟಿಗೆ ಹೋಗುದಿಲ್ಲ, ಸೀದಾ ಮನೆಗೇ ಬರುದು." ನಕ್ಕರು. ಆಮೇಲೆ ನಗು ನಿಂತಿತು. "ಟಿಕ್ ಹಾಕಿ ಮಾರಾಯ್ರೆ. ಮಗಳ ಪರೀಕ್ಷೆ ಉಂಟಲ್ಲ? ಖಲಾಸ್."

ಶುಕ್ರವಾರ ಬೆಳಿಗ್ಗೆ ಹಳೆಯ ದಿನಚರಿಗಳ ಪೆಟ್ಟಿಗೆ ಇಳಿಸಿದೆ. ನೆನಪನ್ನು ನಂಬದವನು ಎಂಬ ಕಾರಣಕ್ಕೇ ದಿನಚರಿ ಬರೆಯುವವನು ನಾನು. ಎರಡನೆಯ ನಕ್ಷೆಯ ತಾರೀಕಿನ ಪುಟ ಸಿಕ್ಕಿತು. ಎರಡೇ ವಾಕ್ಯ: "ವಾದಿ ಗೆರೆ ಸರಿಸಿದೆ. ಮತ್ರಾ ಪೇಟೆಯಿಂದ ಹುಣಸೆಹಣ್ಣು ತಂದೆ."

ದಿನಚರಿಯಲ್ಲಿ 'ನಾನು' ಎಂದು ಬರೆಯುವ ಅಭ್ಯಾಸ ನನಗಿಲ್ಲ. ಅಲ್ಲಿಯೇ ಸಿಕ್ಕಿಬಿದ್ದೆ. ವಾದಿಯು ಗೆರೆಯನ್ನು ಸರಿಸಿದೆ ಎಂದೂ ಅದನ್ನು ಓದಬಹುದು, ವಾದಿಯ ಗೆರೆಯನ್ನು ನಾನು ಸರಿಸಿದೆ ಎಂದೂ ಓದಬಹುದು. ಹೊಳೆ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಕನ್ನಡದಲ್ಲಿ ಕೊನೆಯ ಅಕ್ಷರ ಒಂದೇ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೆಂಡತಿಯನ್ನು ಕರೆದು ತೋರಿಸಿದೆ. ನೋಡು, ವಾದಿಯೇ ಸರಿಸಿದ್ದು, ಬರೆದಿಟ್ಟಿದ್ದೇನೆ ಎಂದೆ.

ಅವಳು ಕನ್ನಡಕ ಹಾಕಿಕೊಂಡು ಓದಿದಳು. "ಹೌದೇನ್ರೀ? ಹಾಗಾದ್ರೆ ಮತ್ರಾದಿಂದ ಹುಣಸೆಹಣ್ಣನ್ನೂ ವಾದೀನೇ ತಂತಾ?"

ಒಳಗಿನ ಕೋಣೆಯಿಂದ ಮಗಳು ಕೂಗಿದಳು, "ಪ್ಲೀಸ್, ಐ ಆಮ್ ಸ್ಟಡೀಯಿಂಗ್!"

ಆದರೂ ಬಿಡಲಿಲ್ಲ. ವಾದಿ ದಿಕ್ಕು ಬದಲಿಸಬೇಕಾದರೆ ಮಳೆ ಬಂದಿರಬೇಕು. ಮಳೆ ಬಂದಿದ್ದರೆ ನಾನು ಬರೆಯದೆ ಇರುವವನಲ್ಲ. ಇಲ್ಲಿ ನಾಲ್ಕು ಹನಿ ಬಿದ್ದರೂ ಊರಿಗೆ ಫೋನ್ ಮಾಡಿ ಹೇಳುವವರು ನಾವು. ಒಂದೊಂದೇ ಪುಟ ಹಿಂದಕ್ಕೆ ತಿರುಗಿಸಿದೆ. ಧೂಳು. ಎ.ಸಿ. ಕೆಟ್ಟಿದ್ದು. ಮಗಳಿಗೆ ಜ್ವರ. ಬಿಸಿಲು. ಬೆಳೆಗಾರನಂತೆ ಮಳೆ ಹುಡುಕುತ್ತಾ ಇಡೀ ವರ್ಷ ಹಿಂದೆ ಹೋದೆ. ಎಲ್ಲಿಯೂ ಮಳೆ ಇರಲಿಲ್ಲ.

ಬರೆಯದೆ ಇರುವುದು ಸಾಕ್ಷಿಯಲ್ಲ ಎಂದು ವಾದಿಸಬಹುದಿತ್ತು. ಒಂದು ಗಳಿಗೆ ವಾದಿಸಿಯೂ ನೋಡಿದೆ. ಆದರೆ ಆ ಹೊತ್ತಿಗೆ ಇನ್ನೊಂದು ನೆನಪಾಗುತ್ತಿತ್ತು: ಡ್ರಾಫ್ಟ್ಸ್‌ಮನ್ನರ ಕುರ್ಚಿಯ ಹಿಂದೆ ನಿಂತು, ಪರದೆಗೆ ಬೆರಳು ತೋರಿಸಿ, "ಇನ್ನೂ ಸ್ವಲ್ಪ ಆಚೆ, ಒಂದು ಸಾಲು ಹಿಡಿಯುತ್ತೆ" ಎನ್ನುವ ನನ್ನದೇ ದನಿ. ಇದು ನಿಜವಾದ ನೆನಪೋ, ಆ ಬೆಳಿಗ್ಗೆ ಹುಟ್ಟಿದ್ದೋ ಹೇಳಲಾರೆ. ಗೆರೆ ಸರಿಸಿದವನು ನಾನು ಎಂಬುದರಲ್ಲಿ ಮಾತ್ರ ಅನುಮಾನ ಉಳಿಯಲಿಲ್ಲ.

ಹೆಂಡತಿ ದಿನಚರಿಗಳನ್ನು ಪೆಟ್ಟಿಗೆಗೆ ಹಾಕುತ್ತಾ, "ಫಾರಂ ಯಾವತ್ತು ಕೊಡ್ಬೇಕು?" ಎಂದಳು.

"ಭಾನುವಾರ."

"ಅವಳ ಪರೀಕ್ಷೆ ಒಂದು ಆಗ್ಲಿ." ಅಷ್ಟೇ ಹೇಳಿದಳು. ತಪ್ಪನ್ನು ಹೆಂಡತಿಯ ಮೇಲೆ ಹೊರಿಸಲು ಇಷ್ಟು ಸಾಲದು ಎಂದು ನನಗೆ ಗೊತ್ತು.

ಭಾನುವಾರ ಅರ್ಜಿ ತುಂಬಿದೆ. ಒಂದು ಕಾಲಂನಲ್ಲಿ, ಈ ಬಡಾವಣೆ ನನ್ನದೇ ಜವಾಬ್ದಾರಿ ಎಂದು ಬರೆದೆ. ಕೊನೆಯ ಚೌಕದಲ್ಲಿ, ಯಾರಿಗೂ ಏನೂ ಆಗಿಲ್ಲ ಎಂಬುದಕ್ಕೆ ಟಿಕ್ ಹಾಕಿದೆ. ಒಂದು ನಿಜ, ಒಂದು ಸುಳ್ಳು. ಪ್ರಮಾಣಪತ್ರಕ್ಕೆ ಎರಡೂ ಬೇಕಿದ್ದವು. ಯಾರೂ ಏನೂ ಕೇಳಲಿಲ್ಲ. ಮೂರು ವಾರಕ್ಕೆ ಪತ್ರ ಬಂತು. ಆಫೀಸಿನ ಒಮಾನಿ ಹುಡುಗಿ ಅದನ್ನು ಪ್ರಿಂಟ್ ಮಾಡಿ ಕೊಟ್ಟು, ಎದೆಯ ಮೇಲೆ ಕೈಯಿಟ್ಟು "ಮಬ್ರೂಕ್" ಎಂದು ಅಭಿನಂದಿಸಿದಳು. ಮಗಳು ಪರೀಕ್ಷೆ ಬರೆದಳು.

ಈಗ ನಕ್ಷೆಯ ಮೂಲೆಯಲ್ಲಿ ನನ್ನ ಪೂರ್ತಿ ಹೆಸರು, ಕೆಳಗೆ ಲೈಸೆನ್ಸ್ ಸಂಖ್ಯೆ. ಹಾಗೆ ಹೆಸರು ಹೊತ್ತು ಬಂದ ಮೊದಲ ಬಡಾವಣೆಯ ಬದಿಯಲ್ಲೂ ಒಂದು ವಾದಿ ಇತ್ತು. ನಾನು ಡ್ರಾಫ್ಟ್ಸ್‌ಮನ್ನರ ಕುರ್ಚಿಯ ಹಿಂದೆ ಹೋಗಿ ನಿಂತೆ. ಅವರು ಮೌಸಿನಿಂದ ಕೈ ತೆಗೆದರು.

"ಗೆರೆ ಎಲ್ಲಿಡ್ಬೇಕು, ಹೇಳಿ ಸಾರ್."

ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಸಾರ್ ಎಂದದ್ದು ಅದೇ ಮೊದಲು. ಮೇಜಿನ ಮೇಲೆ ಹೊಸದೊಂದು ಸಣ್ಣ ನೋಟ್‌ಬುಕ್ ಬಿಚ್ಚಿಟ್ಟಿತ್ತು. ಹಾಳೆಯ ಮೇಲೆ ಆ ದಿನದ ತಾರೀಕು ಹಾಕಿ, ಕೆಳಗೆ ಕನ್ನಡದಲ್ಲಿ "ಸಾರ್ ಹೇಳಿದರು" ಎಂದು ಬರೆದು, ಮುಂದಿನದಕ್ಕೆ ಪೆನ್ನು ಹಿಡಿದು ಕಾಯುತ್ತಿದ್ದರು.