ಆಳಿನ ರಾಗಿ

ರಾಚಮ್ಮ ಹುಟ್ಟಿದ್ದು ಬದನಗುಪ್ಪೆಯಲ್ಲಿ, ಮದುವೆಯಾಗಿ ಬಂದದ್ದು ಹಂಗಳದ ಆಚೆಯ ನಮ್ಮೂರಿಗೆ. ಗಂಡ ಸೋಮಯ್ಯ ಕಾಡಿನಲ್ಲಿ ಬಿದಿರು ಕಡಿಯಲು ಹೋದವನು ಜ್ವರ ಹತ್ತಿಸಿಕೊಂಡು ಬಂದು ತೀರಿಕೊಂಡ. ಅಂದಿನಿಂದ ಅವಳೂ ಮಗಳು ಮೂಗಮ್ಮನೂ ಪುಟ್ಟಬಸಪ್ಪನ ಹೊಲದಲ್ಲಿ ಕೂಲಿ. ಅಳುವುದನ್ನು ರಾಚಮ್ಮ ಗಂಡನ ಜೊತೆಗೇ ಮಣ್ಣು ಮಾಡಿದ್ದಳು. ಬೈಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಪುಟ್ಟಬಸಪ್ಪ ನಮ್ಮ ಬೀದಿಯವನೇ, ನಮ್ಮ ಜನವೇ. ಊರೆಲ್ಲ ಅವನನ್ನು 'ಅವರು' ಎನ್ನುತ್ತಿತ್ತು. ಹಾಗೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಅಂಗಳದಲ್ಲಿ ಎರಡು ಹಗೇವು. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಳಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ನಡುವಿನ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಗೋಡೆಗೆ ತಾಗಿದ್ದು ಮಾತ್ರ ತೇವ ಹಿಡಿದು, ಕಪ್ಪಾಗಿ, ಹೆಂಟೆಗಟ್ಟಿ ನಾರುತ್ತದೆ. ನಡುವಿನದು ಮನೆಯವರಿಗೆ, ಗೋಡೆಯದು ಕೂಲಿಯವರಿಗೆ. ಅದಕ್ಕೆ ಹೆಸರೇ ಆಳಿನ ರಾಗಿ. ಅಜ್ಜನ ಕಾಲದಿಂದ ನಡೆದುಬಂದದ್ದಂತೆ. ಥೂ, ಎಂಥ ಅಜ್ಜನೋ! ಪುಟ್ಟಬಸಪ್ಪನ ಹೆಂಡತಿ ಚಂದ್ರಮತಿ, "ಅನ್ನ ಎಸುದ್ರೆ ಪಾಪ ಬತ್ತದೆ" ಎನ್ನುತ್ತ, ಕೈ ತಾಗದ ಹಾಗೆ ಮೇಲಿನಿಂದ ಕೂಲಿಯವರ ಮಡಿಲಿಗೆ ಅದನ್ನು ಸುರಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ಐವತ್ತೈದನೇ ಇಸವಿಯ ಆಷಾಢ. ಮೂಗಮ್ಮ ಹಸಿ ಬಾಣಂತಿ. ಆ ರಾಗಿಯ ಮುದ್ದೆ ಉಂಡು ವಾಂತಿ ಭೇದಿ ಹಿಡಿದು ಎದೆಹಾಲು ಬತ್ತಿಹೋಯಿತು. ಕೂಸು ಅತ್ತೂ ಅತ್ತೂ ದನಿಯೇ ಹೊರಡದಂತಾಯಿತು. ಒಳ್ಳೆಯ ರಾಗಿ ಸಿಗದಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಎಂದು ರಾಚಮ್ಮನಿಗೆ ಗೊತ್ತಾಯಿತು. ಅವಳು ತಮ್ಮ ಕೇರಿಯ ಮನೆಮನೆಗೂ ಹೋದಳು.

"ಒಬ್ಬೊಬ್ರೇ ಕೇಳುದ್ರೆ ಬೈದು ಅಟ್ತಾರೆ ಕಣಮ್ಮಿ. ಒಳ್ಳೆ ರಾಗಿ ಅಳೆಯಗಂಟ ಯಾರೂ ಕಳೆ ಕೀಳಕ್ಕೆ ಓಗದೇ ಬ್ಯಾಡ."

"ಅಲ್ಲಿಗಂಟ ಏನ ಉಣ್ಣದು?" ಎಂದು ಮುದುಕಿ ದೊಡ್ಡಮಾದಮ್ಮ ಕೇಳಿದಳು.

"ಇರದ್ನೆಲ್ಲ ಒಂದೇ ಮಡ್ಕೆಗೆ ಹಾಕನ. ಉಂಡ್ರೆ ಎಲ್ರೂ ಉಣ್ಣನ."

ಮಾರಿಗುಡಿಯ ಮುಂದೆ ಒಲೆ ಹೂಡಿದರು. ಒಬ್ಬರ ಮನೆಯ ಹಿಡಿ ಹುರುಳಿ, ಇನ್ನೊಬ್ಬರ ಜೋಳದ ನುಚ್ಚು, ಬದುವಿನ ಮೇಲಿನ ಸೊಪ್ಪು ಎಲ್ಲ ಒಟ್ಟಿಗೆ ಬೆಂದವು. ಮೊದಲ ಸೌಟು ಮೂಗಮ್ಮನಿಗೆ, ಆಮೇಲೆ ಮಕ್ಕಳಿಗೆ, ಮಿಕ್ಕಿದರೆ ದೊಡ್ಡವರಿಗೆ. ಇತ್ತ ಪುಟ್ಟಬಸಪ್ಪನ ಹೊಲದಲ್ಲಿ ಪೈರಿಗಿಂತ ಕಳೆಯೇ ಎತ್ತರವಾಯಿತು. ಅವನು ಜಗುಲಿಯ ಮೇಲೆ ಕೂತು, "ಹೊಟ್ಟೆ ಚುರ್ ಅಂದ್ರೆ ತಾವೇ ಬತ್ತಾರೆ ಬುಡ್ಲಾ" ಎಂದು ಎಲೆಅಡಿಕೆ ಉಗಿದ. ನಮ್ಮ ಬೀದಿಯ ಗಂಡಸರು ಹಲ್ಲು ಕಿರಿದರು. ಆ ನಗು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಸೋಮವಾರ ನಮ್ಮಲ್ಲಿ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಮನೆಯ ಮುಂದೆ ಕಟ್ಟಿ ಪೂಜೆ ಮಾಡುತ್ತೇವೆ. ಆ ಹೊತ್ತಿನಲ್ಲಿ ಬಸವನಿಗೆಂದು ಯಾರು ಏನು ತಂದರೂ ಬೇಡವೆನ್ನುವಂತಿಲ್ಲ. ರಾಚಮ್ಮ ಅದನ್ನೇ ನೋಡಿಕೊಂಡು ಹೆಂಗಸರನ್ನೆಲ್ಲ ಕರೆದುಕೊಂಡು ಪುಟ್ಟಬಸಪ್ಪನ ಮನೆಯ ಮುಂದಕ್ಕೆ ಬಂದಳು. ತಲೆಯ ಮೇಲೆ ಕುಕ್ಕೆ, ಕುಕ್ಕೆಯಲ್ಲಿ ಕೇರಿಯವರು ಉಣ್ಣದೆ ಉಳಿಸಿದ್ದ ಕರಿ ರಾಗಿ.

"ಬಸ್ವಪ್ಪುಂಗೆ ತಂದಿವಿ ಬುದ್ದಿ" ಎಂದು ಎತ್ತುಗಳ ಮುಂದೆ ಸುರಿದುಬಿಟ್ಟಳು.

ಪುಟ್ಟಬಸಪ್ಪ ಮಂಗಳಾರತಿ ತಟ್ಟೆಯನ್ನು ಕೆಳಗೆ ಬಿಸಾಡಿ ಓಡಿಬಂದ. "ಅಯ್ಯಯ್ಯೋ, ತಗೀರೇ, ತಗೀರೇ! ಅದ ತಿಂದ್ರೆ ಹೊಟ್ಟೆ ಉಬ್ರುಸ್ಕಂಡು ಸತ್ತೋಯ್ತವೆ!"

ಇಡೀ ಬೀದಿ ಕೇಳಿಸಿಕೊಂಡಿತು. ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆದದ್ದು ಆಮೇಲೆ. ಮೂಗಮ್ಮ ಕೂಸನ್ನು ಅವುಚಿಕೊಂಡು ಅಲ್ಲೇ ಕುಸಿದು ಕೂತಳು. ಹಲ್ಲು ಕಿರಿದಿದ್ದ ಗಂಡಸರು ಸದ್ದಿಲ್ಲದೆ ಮನೆಯೊಳಗೆ ಸೇರಿಕೊಂಡರು. ಕೊನೆಗೆ ಊರ ಹಿರಿಯ ಚಿಕ್ಕಮಲ್ಲಪ್ಪ, "ಹಗೇವು ತೆಗಿಸಪ್ಪ, ಇನ್ನೇನ್ ಮಾತಾಡೀಯೆ" ಎಂದರು.

ಅಂದೇ ಹಗೇವು ತೆಗೆದರು. ಮನೆಗೂ ಕೂಲಿಗೂ ಒಂದೇ ರಾಶಿಯಿಂದ ಅಳೆಯಬೇಕೆಂದಾಯಿತು. ಮೂಗಮ್ಮನ ಮಡಿಲಿಗೆ ಮೊದಲು ಬಿತ್ತು. ಹೆಂಗಸರು ಮಾತ್ರ ಅಲ್ಲಿಂದ ಕದಲಲಿಲ್ಲ.

"ಗ್ವಾಡೆ ರಾಗಿನ ನಮ್ ಕಣ್ಮುಂದೇ ತಿಪ್ಪೆಗೆ ಹಾಕಿ ಬುದ್ದಿ. ಇಲ್ದಿದ್ರೆ ನಾಳೀಕೆ ಅದು ನಮ್ ಮಡ್ಲಿಗೇ ಬತ್ತದೆ" ಎಂದಳು ರಾಚಮ್ಮ.

ಹೊರಲು ಒಬ್ಬ ಆಳೂ ಮುಂದೆ ಬರಲಿಲ್ಲ. ಪುಟ್ಟಬಸಪ್ಪನೇ ಕುಕ್ಕೆ ಹೊತ್ತ. ತಿಪ್ಪೆ ಮುಟ್ಟುವಷ್ಟರಲ್ಲಿ ಆ ನಾತ ತಲೆಗೇರಿ, ಕುಕ್ಕೆ ಕೆಡವಿ, ಉಂಡದ್ದನ್ನೆಲ್ಲ ಕಾರಿಕೊಂಡ. ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ರಾಚಮ್ಮ ಹತ್ತಿರ ಹೋಗಿ ನಿಂತಳು.

"ನಾವು ಅದ್ನ ಉಂಡಿವಿ ಬುದ್ದಿ" ಎಂದಳು. "ಬಾಯ್ ಒರ್ಸ್ಕಂಡು ಏಳಿ, ಇನ್ನೂ ಅದೆ."