ಹುಲಿಗವ್ವನ ಕೆಳತುಟಿ

“ಯವ್ವಾ, ಹುಲಿಗವ್ವತ್ತಿ ಕೆಳತುಟಿ ಒಳಗ ಏನ್ ಮುಚ್ಚಿಟ್ಟಾಳ?”

ಐದು ವರ್ಷದ ಮಗಳು ಹಂಪವ್ವ ಹೀಗೆ ಕೇಳಿದಾಗ ಶ್ವೇತಾ ಹಸುಗೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಪಡಸಾಲೆಯಲ್ಲಿದ್ದ ಗಂಡನ ಅಕ್ಕ ಹುಲಿಗವ್ವನಿಗೂ ಅದು ಕೇಳಿಸಿತು. ಬಾಣಂತನ ಮಾಡಲೆಂದು ತಾವರಗೇರಾದಿಂದ ಗಂಗಾವತಿಗೆ ಬಂದಾಕೆ. ಕೈ ತುಂಬ ಕೆಲಸ, ಬಾಯಿ ತುಂಬ ಮಾತು. ತುಟಿಯ ಸಂದಿಯಲ್ಲಿ ಮಾತ್ರ ಇಪ್ಪತ್ತು ವರ್ಷದಿಂದ ಸುಣ್ಣ ಹಚ್ಚಿ ತಿಕ್ಕಿದ ಒಂದು ಚಿಟಿಕೆ ತಂಬಾಕು.

“ಔಷಧ ಐತವ್ವಾ,” ಎಂದಳು ಹುಲಿಗವ್ವ.

“ಹಂಗಾರ ನನಗೂ ಕೊಡು!”

ಶ್ವೇತಾ ಅಲ್ಲೇ ತೀರ್ಪು ಕೊಟ್ಟಳು. “ಅಕ್ಕಾ, ತೊಟ್ಟಿಲಿಗೆ ಹಾಕೂದು ಇನ್ನ ಹನ್ನೆರಡು ದಿನ ಐತಿ. ಅಲ್ಲಿತನಕ ಇದನ್ನ ಬಿಟ್ರ ಕೂಸಿನ ಕಿವ್ಯಾಗ ನೀವ ಹೆಸರು ಕರೀರಿ. ಇಲ್ಲಂದ್ರ ಸಣ್ಣವ್ವ ಕರೀತಾಳ.”

ಸಣ್ಣವ್ವ ಎಂದರೆ ಹುಲಿಗವ್ವನ ತಂಗಿ. “ಆಕೀನಾ? ಆಕಿ ಧ್ವನಿ ಕೇಳಿದ್ರ ಎಮ್ಮಿ ಸೈತ ಹಾಲು ಇಳಸೂದಿಲ್ಲ!” ಎಂದವಳೇ ಹುಲಿಗವ್ವ ತಂಬಾಕಿನ ಡಬ್ಬಿ ತಂದು ಶ್ವೇತಾಳ ಮಡಿಲಿಗೆ ಹಾಕಿದಳು.

ಹಾಕಿದ್ದೇನೋ ಹಾಕಿದಳು, ಕೈ ಕೇಳಬೇಕಲ್ಲ? ಚಹಾ ಕುಡಿದು ಬಟ್ಟಲು ಕೆಳಗಿಟ್ಟರೆ ಹೆಬ್ಬೆರಳು ತಾನಾಗಿ ಅಂಗೈ ತಿಕ್ಕುತ್ತಿತ್ತು. ರೊಟ್ಟಿ ಬಡಿದು ಮುಗಿದರೂ ತಿಕ್ಕುತ್ತಿತ್ತು. ಶ್ವೇತಾ ಆ ಹೊತ್ತುಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು, ಆಯಾ ಹೊತ್ತಿಗೆ ಸರಿಯಾಗಿ ಒಂದೊಂದು ಲವಂಗ ಕೊಡತೊಡಗಿದಳು. ತಪಾಸಣೆ ಹಂಪವ್ವನದು. “ಅತ್ತಿ, ತುಟಿ ತೋರ್ಸು!” ಎಂದರೆ ಸಾಕು, ಹುಲಿಗವ್ವ ಸಂತೆಯ ಎತ್ತಿನಂತೆ ಬಾಯಿ ತೆರೆದು ನಿಲ್ಲುತ್ತಿದ್ದಳು.

ಐದನೇ ದಿನ ಸಿಕ್ಕಿಬಿದ್ದಳು.

“ಬಾಜೂಮನಿ ದಾವಲಬೀ ಹರಟಿಗೆ ಬಂದಿದ್ಲು. ಕೊಟ್ಲು. ಪ್ರೀತಿಲೆ ಕೊಟ್ಟಿದ್ದನ್ನ ಒಲ್ಲೆ ಅನ್ನಾಕ ಬರತೈತೇನು?”

“ಸಣ್ಣವ್ವಗ ಫೋನ್ ಹಚ್ಲೇನಕ್ಕಾ?”

ಹುಲಿಗವ್ವ ಓಡಿಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದಳು.

ತೊಟ್ಟಿಲ ದಿನ ಬಂತು. ಹುಲಿಗವ್ವ ಬಗ್ಗಿ ಕೂಸಿನ ಕಿವಿಯಲ್ಲಿ “ಕುರ್ರ್… ವಿರುಪಾಕ್ಷೀ!” ಎಂದಳು. ಹೆಸರು ಕರೆದ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿ. ಸಣ್ಣವ್ವ ತನ್ನ ಹೊಟ್ಟೆಕಿಚ್ಚನ್ನೆಲ್ಲ ಮುಷ್ಟಿಗಿಳಿಸಿ ಗುದ್ದಿದಳು. ಆ ಗುದ್ದಿಗೆ ಹುಲಿಗವ್ವನ ಬಾಯಿಂದ ಕರ್ರಗಿನದೇನೋ ಹಾರಿ ಕೂಸಿನ ಕುಲಾವಿಯ ಮೇಲೆ ಬಿತ್ತು.

ಹೆಂಗಸರ ಜೋಗುಳದ ಹಾಡು ನಿಂತಿತು.

“ನೋಡ್ರಿ, ತಂಬಾಕ!” ಎಂದಳು ಸಣ್ಣವ್ವ.

ಹಂಪವ್ವ ಅದನ್ನು ಎತ್ತಿಕೊಂಡು, ಮೂಸಿ ನೋಡಿ, ಎಲ್ಲರಿಗೂ ಕೇಳುವಂತೆ ಸಾರಿದಳು: “ಲವಂಗ ಐತಿ! ಅತ್ತಿ ಪಾಸ್!”

ವಾರದ ನಂತರ ಬಸ್ ಹತ್ತುವ ಮುಂಚೆ ಹುಲಿಗವ್ವನ ಹೆಬ್ಬೆರಳು ಮತ್ತೆ ಅಂಗೈಗೆ ಬಂದಿತ್ತು. ಅದನ್ನು ನೋಡಿ ಅವಳೇ ಹೆದರಿದಳು.

“ಶ್ವೇತಾ, ಊರಾಗ ಚಹಾ ಇರತೈತಿ, ಹಂಪವ್ವ ಇರೂದಿಲ್ಲ. ಒಂದ ಉಪಕಾರ ಮಾಡವ್ವಾ. ದಿನಾ ಸಂಜಿ ಚಹಾದ ಹೊತ್ತಿಗೆ ಈಕಿ ಕಡಿಂದ ವಿಡಿಯೋ ಕಾಲ್ ಹಚ್ಚಸು. ತುಟಿ ತೋರ್ಸು ಅನ್ಲಿ. ನಾ ಫೋನ್ ಎತ್ತಲಿಲ್ಲಂದ್ರ, ಸಣ್ಣವ್ವನ್ನ ನಮ್ಮನಿಗೆ ಕಳಸು, ಬೆನ್ನಿಗೆ ಗುದ್ದಾಕ.”